ಕಾಲುವೆ ಹಳೆಯದು, ಕಾರಂಜಿ ಹೊಸದು

ಪ್ರಶ್ನೆ: ಮಗಳು ಸ್ಪೇನಿನ ಗ್ರನಾಡಾಕ್ಕೆ ಹೋದವಳು ಹೆನೆರಾಲಿಫೆ ಎಂಬ ತೋಟದ ಫೋಟೊ ಕಳಿಸಿದ್ದಾಳೆ. ಉದ್ದನೆಯ ಕಾಲುವೆ, ಎರಡೂ ಬದಿಯಿಂದ ಕಮಾನಿನ ಹಾಗೆ ಚಿಮ್ಮುವ ನೀರು. ಏಳುನೂರು ವರ್ಷ ಹಳೆಯದಂತೆ. ಪಂಪ್ ಇಲ್ಲದ ಕಾಲದಲ್ಲಿ ಗುಡ್ಡದ ಮೇಲೆ ನೀರು ಹೇಗೆ ಬಂತು? ನಮ್ಮ ಅಂಗಳದಲ್ಲೂ ಅಂಥದ್ದು ಮಾಡಬಹುದೇ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ನೀರನ್ನು ಯಾರೂ ಮೇಲಕ್ಕೆ ಎತ್ತಲಿಲ್ಲ. ದಾರ್ರೊ ನದಿಯಲ್ಲಿ ಸುಮಾರು 6 ಕಿ.ಮೀ. ಮೇಲಕ್ಕೆ ಹೋಗಿ, ತೋಟಕ್ಕಿಂತ ಎತ್ತರದ ಜಾಗದಲ್ಲಿ ನೀರು ತಿರುಗಿಸಿದರು. ಅಲ್ಲಿಂದ ಗುಡ್ಡದ ಪಕ್ಕೆಯಲ್ಲೇ ಸಣ್ಣ ಇಳಿಜಾರಿನಲ್ಲಿ ಕಾಲುವೆ ಕಡಿದು ತಂದರು. 13ನೇ ಶತಮಾನದಲ್ಲಿ, ಗ್ರನಾಡಾವನ್ನು ಆಳಿದ ನಸ್ರಿದ್ ವಂಶದ ಮೊದಲ ಸುಲ್ತಾನ ಒಂದನೇ ಮುಹಮ್ಮದನ ಕಾಲದ ಕೆಲಸ ಅದು. ಇಂಥ ಕಾಲುವೆಗೆ ಅಲ್ಲಿ 'ಅಸೇಕಿಯಾ' ಎನ್ನುತ್ತಾರೆ. ಅರಬ್ಬಿಯಿಂದ ಬಂದ ಮಾತು. 1492ರಲ್ಲಿ ಸುಲ್ತಾನರು ಹೋಗಿ ಕ್ರೈಸ್ತ ಅರಸರು ಬಂದರೂ ಮಾತು ಉಳಿಯಿತು, ಕಾಲುವೆಯೂ ಉಳಿಯಿತು.

ನಮಗಿದು ಹೊಸದಲ್ಲ ಅಲ್ವಾ? ಕಾರ್ಕಳದ ಹತ್ತಿರ ನಮ್ಮ ಅಡಿಕೆ ತೋಟಕ್ಕೂ ನೀರು ಹೀಗೇ ಬರುತ್ತಿತ್ತು. ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವುದು. ನೀರು ಏರಿ ಮರಗಳ ಸಾಲಿನ ನಡುವಿನ ಕಾಲುವೆಗೆ, ಅಂದರೆ ಕಣಿಗೆ, ನುಗ್ಗುತ್ತಿತ್ತು. ಅಪ್ಪ ಕಣಿಯೊಳಗೆ ನಿಂತು ಅಡಿಕೆ ಹಾಳೆಯಲ್ಲಿ ನೀರು ಮೊಗೆದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬುಡಕ್ಕೆ ಎರಚುತ್ತಿದ್ದರು. ಒಂದು ಎರಚಿಗೆ ಒಂದು ಮರ. ಮುಂದೆ ಹೋಗಿ ಕಣಿಯ ತರಗೆಲೆ ತೆಗೆಯುವುದು ನನ್ನ ಕೆಲಸ. ತರಗೆಲೆ ಒಂದು ಕಡೆ ಸಿಕ್ಕಿಕೊಂಡರೂ ಸಾಕು, ಕೊನೆಯ ಸಾಲಿಗೆ ನೀರಿಲ್ಲ.

ಇನ್ನು ಫೋಟೊದ ವಿಷಯ. ಮಗಳಿಗೆ ಹೇಳಿ, ಆ ಚಿಮ್ಮುವ ನೀರು ಸುಲ್ತಾನರ ಕಾಲದ್ದಲ್ಲ. ಅದನ್ನು ಸೇರಿಸಿದ್ದು 19ನೇ ಶತಮಾನದಲ್ಲಿ. ಹಳೆಯದು ನಡುವಿನ ಕಾಲುವೆ. 1958ರಲ್ಲಿ ಅಲ್ಲಿ ಬೆಂಕಿ ಬಿತ್ತು. ಆಮೇಲೆ ನೆಲ ಅಗೆದು ನೋಡಿದಾಗ ಸುಮಾರು ಅರ್ಧ ಮೀಟರ್ ಕೆಳಗೆ ಮೊದಲಿನ ತೋಟದ ಮಣ್ಣೇ ಸಿಕ್ಕಿತು. ಪಾತಿಗೆ ನೀರು ಬಿಡುವ ತೂತುಗಳೂ ಕಂಡವು. ಗಿಡಗಳು ತಗ್ಗಿನಲ್ಲಿ, ಜನ ನಡೆಯುವ ದಾರಿ ಎತ್ತರದಲ್ಲಿ. ಬೆಂಕಿಯಿಂದ ಇಷ್ಟು ತಿಳಿಯಿತಲ್ಲ ಎಂದು ನನಗೆ ಇಂದಿಗೂ ಆಶ್ಚರ್ಯ.

ಮೇಲೆ ಇನ್ನೊಂದು ಮೆಟ್ಟಿಲ ಸಾಲಿದೆ. ಅದರ ಪಕ್ಕದ, ಕೈ ಆಧಾರದ ಗೋಡೆಯ ತಲೆಯ ಮೇಲೇ ನೀರು ಹರಿಯುತ್ತದೆ. 1526ರಲ್ಲಿ ಬಂದ ವೆನಿಸ್ಸಿನ ರಾಯಭಾರಿ ನವಾಜೇರೊ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಆದರೆ ನಾನಾದರೆ ಮೊದಲು ನೋಡುವುದು ಕೆಳಗಿನ ತರಕಾರಿ ಗದ್ದೆಗಳನ್ನು. ಸುಲ್ತಾನರ ಅಡುಗೆಮನೆಗೆ ಬೆಳೆದ ಜಾಗ, ಈಗಲೂ ಅಲ್ಲಿ ಬೇಸಾಯ ನಡೆಯುತ್ತಿದೆ. ಪ್ರವಾಸಿಗಳು ಸುಮ್ನೆ ದಾಟಿ ಹೋಗಿಬಿಡುತ್ತಾರೆ.

ನಿಮ್ಮ ಅಂಗಳದಲ್ಲಿ? ಸಣ್ಣ ಕಾಲುವೆ ಮಾಡಿ, ತಗ್ಗಿನ ಪಾತಿ ಮಾತ್ರ ಬೇಡ. ಗ್ರನಾಡಾದಲ್ಲಿ ವರ್ಷಕ್ಕೆ 400 ಮಿ.ಮೀ. ಮಳೆ ಬಿದ್ದರೆ ಜಾಸ್ತಿ. ಬಂದ ನೀರು ಬುಡದಲ್ಲೇ ನಿಲ್ಲಲಿ ಎಂದು ಅವರು ಪಾತಿ ತಗ್ಗಿಸಿದರು. ನಮ್ಮಲ್ಲಿ ಜುಲೈ ಒಂದೇ ತಿಂಗಳು ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಅದಕ್ಕೇ ನಮ್ಮವರು ಗಿಡವನ್ನು ಎತ್ತರದಲ್ಲಿಟ್ಟು ಕಣಿಯನ್ನು ಆಳ ಮಾಡಿದ್ದು. ಬೇಸಿಗೆಯಲ್ಲಿ ನೀರು ತರುವ ಅದೇ ಕಣಿ ಮಳೆಗಾಲದಲ್ಲಿ ನೀರು ಹೊರಗೆ ಹಾಕುತ್ತದೆ. ನೀವೂ ಮಲ್ಲಿಗೆ ಗಿಡಕ್ಕೆ ಮಣ್ಣು ಏರಿಸಿ, ಕಾಲುವೆಯ ಬಾಯಿ ತೋಡಿನ ಕಡೆಗೆ ಇರಲಿ.