ಐದನೇ ಡೌನ್ ಮತ್ತು ಕೋಚ್ ಮೆಕಾರ್ಟ್ನಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಡೆನ್ವರ್‌ನಲ್ಲಿ ನೆಲೆಸಿರುವ ನಮ್ಮ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರ ಹೀಗಿದೆ. 2025ರ ಜನವರಿಯಲ್ಲಿ ತೀರಿಕೊಂಡ ಕೊಲೊರಾಡೊ ವಿಶ್ವವಿದ್ಯಾಲಯದ ಮಾಜಿ ಫುಟ್‌ಬಾಲ್ ಕೋಚ್ ಬಿಲ್ ಮೆಕಾರ್ಟ್ನಿ ಅವರ ಬಗ್ಗೆ ನಾವು ಪ್ರಕಟಿಸಿದ ಟಿಪ್ಪಣಿಯಲ್ಲಿ, 1990ರ ಮಿಸ್ಸೌರಿ ಪಂದ್ಯವನ್ನು ‘ಕದ್ದ ಗೆಲುವು’ ಎಂದು ಕರೆದದ್ದು ಅವರಿಗೆ ನೋವು ತಂದಿದೆ. ತಪ್ಪು ಮಾಡಿದವರು ರೆಫರಿಗಳು, ಬೈಗುಳ ಮಾತ್ರ ಕೋಚ್‌ಗೆ ಎಂಬುದು ಅವರ ಆಕ್ಷೇಪ. ಅವರ ಕಚೇರಿಯಲ್ಲಿ ಮಿಸ್ಸೌರಿಯಲ್ಲಿ ಓದಿ ಬಂದವರು ಇಂದಿಗೂ ಈ ಮಾತೆತ್ತಿ ಕೆಣಕುತ್ತಾರಂತೆ, ಜೊತೆಗೆ 1940ರ ಕಾರ್ನೆಲ್ ತಂಡದ ಔದಾರ್ಯವನ್ನು ಎದುರಿಗೆ ಹಿಡಿಯುತ್ತಾರಂತೆ. ಕಾರ್ನೆಲ್‌ಗೆ ಕಳೆದುಕೊಳ್ಳುವುದಕ್ಕೆ ಏನಿತ್ತು ಎಂದು ಅವರು ಕೇಳುತ್ತಾರೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ನಡತೆಯನ್ನು ಅಳತೆಗೋಲಾಗಿಟ್ಟುಕೊಂಡು ಅಮೆರಿಕದ ಕೋಚ್ ಒಬ್ಬರನ್ನು ಅಳೆದದ್ದು ನ್ಯಾಯವೇ ಎಂಬ ಪ್ರಶ್ನೆಯೊಂದಿಗೆ ಪತ್ರ ಮುಗಿಯುತ್ತದೆ.

ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಈ ಆಟ ನೋಡದ ಓದುಗರಿಗಾಗಿ ಒಂದು ವಿವರಣೆ ಕೊಟ್ಟು ಮುಂದುವರಿಯುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಪ್ರಯತ್ನಗಳಿರುತ್ತವೆ. ಒಂದೊಂದು ಪ್ರಯತ್ನಕ್ಕೂ ಡೌನ್ ಎಂದು ಹೆಸರು. ನಾಲ್ಕರೊಳಗೆ ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಎಷ್ಟನೇ ಡೌನ್ ನಡೆಯುತ್ತಿದೆ ಎಂಬುದನ್ನು ಗೆರೆಯಾಚೆ ನಿಂತವನೊಬ್ಬ ಕೋಲಿನ ತುದಿಯ ಅಂಕಿ ತಿರುವಿ ತೋರಿಸುತ್ತಿರುತ್ತಾನೆ. ಮೂವತ್ತೈದು ವರ್ಷಗಳ ಈ ಜಗಳವೆಲ್ಲ ಆ ಕೋಲಿನ ತುದಿಯಲ್ಲಿ ಹುಟ್ಟಿದ್ದು.

1990ರ ಅಕ್ಟೋಬರ್ 6ರಂದು ಮಿಸ್ಸೌರಿ ರಾಜ್ಯದ ಕೊಲಂಬಿಯಾ ನಗರದ ಫಾರಟ್ ಫೀಲ್ಡ್‌ನಲ್ಲಿ ಮಿಸ್ಸೌರಿ 31–27ರಿಂದ ಮುಂದಿತ್ತು, ಪಂದ್ಯದ ಕೊನೆಯ ಕ್ಷಣಗಳು ನಡೆಯುತ್ತಿದ್ದವು, ಕೊಲೊರಾಡೊ ಗೋಲ್ ಗೆರೆಗೆ ಮೂರು ಗಜ ದೂರದಲ್ಲಿತ್ತು. ಮೊದಲ ಡೌನ್‌ನಲ್ಲಿ, ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಚಾರ್ಲ್ಸ್ ಜಾನ್ಸನ್ ಗಡಿಯಾರ ನಿಲ್ಲಿಸಲೆಂದು ಚೆಂಡನ್ನು ನೆಲಕ್ಕೆ ಕುಕ್ಕಿದರು; ಹಾಗೆ ಕುಕ್ಕಿದರೂ ಒಂದು ಡೌನ್ ಖರ್ಚಾಗುತ್ತದೆ. ಎರಡನೆಯದರಲ್ಲಿ ಎರಿಕ್ ಬಿಯೆನಮಿ ಓಡಿ ಗೆರೆಯ ಹತ್ತಿರ ಬಂದು ಸಿಕ್ಕಿಬಿದ್ದರು. ಕೊಲೊರಾಡೊ ಟೈಮ್‌ಔಟ್ ಕೇಳಿತು. ಆ ವಿರಾಮದಲ್ಲಿ ಕೋಲಿನ ಅಂಕಿ ಎರಡರಿಂದ ಮೂರಕ್ಕೆ ತಿರುಗಬೇಕಿತ್ತು, ತಿರುಗಲಿಲ್ಲ, ರೆಫರಿಗಳ ತಂಡವೂ ಗಮನಿಸಲಿಲ್ಲ. ಬಿಯೆನಮಿ ಮತ್ತೆ ಓಡಿದರು, ಮತ್ತೆ ತಡೆಯಲ್ಪಟ್ಟರು. ನಿಜಕ್ಕೂ ನಾಲ್ಕನೆಯದಾಗಿದ್ದ, ಆದರೆ ಕೋಲಿನ ಲೆಕ್ಕದಲ್ಲಿ ಮೂರನೆಯದಾಗಿದ್ದ ಡೌನ್‌ನಲ್ಲಿ ಜಾನ್ಸನ್ ಇನ್ನೊಮ್ಮೆ ಚೆಂಡು ಕುಕ್ಕಿ, ಎರಡು ಸೆಕೆಂಡು ಉಳಿದಿರುವಂತೆ ಗಡಿಯಾರವನ್ನು ನಿಲ್ಲಿಸಿದರು. ಐದನೆಯದರಲ್ಲಿ ತಾವೇ ಚೆಂಡು ಹಿಡಿದು ನುಗ್ಗಿದರು. ಚೆಂಡು ಗೆರೆ ದಾಟಿತು, ಅಂದರೆ ಆರು ಅಂಕದ ಟಚ್‌ಡೌನ್ ಎಂದು ತೀರ್ಪಾಯಿತು, ಪಂದ್ಯ ಕೊಲೊರಾಡೊ ಪರವಾಗಿ 33–31ಕ್ಕೆ ಮುಗಿಯಿತು. ಆ ನುಗ್ಗಾಟದಲ್ಲೂ ಚೆಂಡು ಗೆರೆ ದಾಟಲೇ ಇಲ್ಲ ಎಂದು ಮಿಸ್ಸೌರಿಯವರು ಇಂದಿಗೂ ವಾದಿಸುತ್ತಾರೆ. ಅದನ್ನು ಇಲ್ಲಿ ಕೆದಕುವುದಿಲ್ಲ, ಅದು ಬೇರೆಯೇ ಒಂದು ಪತ್ರಕ್ಕೆ ಆಗುವಷ್ಟಿದೆ.

ಈಗ ಕಾರ್ನೆಲ್. ಅವರಿಗೆ ಕಳೆದುಕೊಳ್ಳುವುದಕ್ಕೆ ಏನಿತ್ತು ಎಂಬ ನಿಮ್ಮ ಮಾತನ್ನು ಒಪ್ಪಲಾರೆ. 1940ರ ನವೆಂಬರ್ 16ರಂದು ಹ್ಯಾನೋವರ್‌ನಲ್ಲಿ ಡಾರ್ಟ್‌ಮತ್ ವಿರುದ್ಧ ಆಡಲು ಬಂದಾಗ ಕಾರ್ನೆಲ್ ಹದಿನೆಂಟು ಪಂದ್ಯಗಳಿಂದ ಸೋಲು ಕಾಣದ ತಂಡವಾಗಿತ್ತು. 3–0ರಿಂದ ಹಿಂದಿದ್ದ ಅವರು ಕೊನೆಯ ಗಳಿಗೆಯಲ್ಲಿ ಐದನೇ ಡೌನ್‌ನ ಪಾಸ್‌ನಿಂದ 7–3ರ ಗೆಲುವು ಪಡೆದರು. ಮಾರನೆಯ ವಾರ ಚಿತ್ರಸುರುಳಿ ನೋಡಿದ ಮೇಲೆ ರೆಫರಿ ರೆಡ್ ಫ್ರೀಸೆಲ್ ತಮ್ಮ ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡರು, ಕಾರ್ನೆಲ್ ಟೆಲಿಗ್ರಾಂ ಕಳುಹಿಸಿ ಗೆಲುವನ್ನು ಡಾರ್ಟ್‌ಮತ್‌ಗೆ ಬಿಟ್ಟುಕೊಟ್ಟಿತು. ಅಜೇಯ ದಾಖಲೆಯನ್ನು ತಮ್ಮ ಕೈಯಾರೆ ಮುರಿದುಕೊಳ್ಳುವುದು ಸಣ್ಣ ಬೆಲೆಯಲ್ಲ.

ಆದರೆ ನಿಮ್ಮ ಕಚೇರಿಯ ಮಿಸ್ಸೌರಿ ಗೆಳೆಯರು ಒಂದು ವ್ಯತ್ಯಾಸವನ್ನು ಮರೆಯುತ್ತಿದ್ದಾರೆ, ನಮ್ಮ ಟಿಪ್ಪಣಿಯೂ ಅದನ್ನು ಮರೆತಿತ್ತು. ಕಾರ್ನೆಲ್ ತನ್ನ ನಾಲ್ಕನೇ ಡೌನ್‌ನಲ್ಲಿ ಗೆಲ್ಲಲೆಂದೇ ಪಾಸ್ ಎಸೆದು ವಿಫಲವಾಗಿತ್ತು. ಅವರ ಅವಕಾಶ ಅಲ್ಲಿಗೆ ಮುಗಿದಿತ್ತು, ಐದನೆಯದು ಪೂರ್ತಿ ಬಿಟ್ಟಿ ಸಿಕ್ಕಿದ್ದು. ಕೊಲೊರಾಡೊ ತನ್ನ ನಾಲ್ಕನೇ ಡೌನ್ ಅನ್ನು ಆಡಲೇ ಇಲ್ಲ, ಕೈಯಾರೆ ನೆಲಕ್ಕೆ ಕುಕ್ಕಿ ಕಳೆಯಿತು. ಅದೇ ಕೊನೆಯದೆಂದು ಕೋಲು ಸರಿಯಾಗಿ ತೋರಿಸಿದ್ದರೆ ಯಾವ ಕೋಚ್ ಆಗಲಿ ಚೆಂಡನ್ನು ಕುಕ್ಕಿಸುತ್ತಿರಲಿಲ್ಲ, ಆತುರದಲ್ಲಾದರೂ ಒಂದು ನುಗ್ಗಾಟ ನಡೆಸುತ್ತಿದ್ದರು. ಅದು ಗೆರೆ ದಾಟುತ್ತಿತ್ತೋ ಇಲ್ಲವೋ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಕಾರ್ನೆಲ್‌ನಲ್ಲಿ ತಪ್ಪನ್ನು ತೆಗೆದುಹಾಕಿದರೆ ಡಾರ್ಟ್‌ಮತ್‌ನ ಗೆಲುವು ಸ್ಪಷ್ಟವಾಗಿ ಉಳಿಯುತ್ತದೆ, ಕೊಲಂಬಿಯಾದಲ್ಲಿ ತಪ್ಪನ್ನು ತೆಗೆದುಹಾಕಿದರೆ ಆಡದೆ ಉಳಿದ ಒಂದು ಡೌನ್ ಮಾತ್ರ ಸಿಗುತ್ತದೆ. ಕೋಚ್ ಬೆಂಚಿನಲ್ಲಿ ಡೌನ್ ಎಣಿಸುತ್ತಿರಬೇಕಿತ್ತು ಎನ್ನುವುದು ನಿಜ, ಅದು ಕಸುಬಿನ ದೋಷ, ಕಳ್ಳತನವಲ್ಲ. ಇದರ ಮೇಲೆ ಎರಡೂ ತಂಡಗಳು ಸೇರಿದ್ದ ಬಿಗ್ ಎಯ್ಟ್ ಒಕ್ಕೂಟ ಫಲಿತಾಂಶ ಬದಲಾಗದು ಎಂದು ಹೇಳಿ, ರೆಫರಿಗಳ ತಂಡವನ್ನು ಅಮಾನತಿನಲ್ಲಿಟ್ಟಿತು. ಗೆಲುವನ್ನು ಬಿಟ್ಟುಕೊಡದೆ ಇದ್ದುದಕ್ಕೆ ಮೆಕಾರ್ಟ್ನಿ ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ.

ನನ್ನ ತಕರಾರು ಅವರು ಕೊಟ್ಟ ಕಾರಣದ ಬಗ್ಗೆ. ಗೆಲುವು ಬಿಟ್ಟುಕೊಡುವಿರಾ ಎಂದು ಕೇಳಿದಾಗ, ಮೇಲೆ ಹೇಳಿದ ವಾದ ಅವರಿಗೆ ಸಿದ್ಧವಾಗಿತ್ತು, ಅದನ್ನೇ ಸೌಮ್ಯವಾಗಿ ಹೇಳಿದ್ದರೆ ಸಾಕಿತ್ತು. ಅದರ ಬದಲು ಅವರು ಮಿಸ್ಸೌರಿಯ ಕೃತಕ ಹಾಸಿನ ಮೈದಾನ ಆಡಲು ಯೋಗ್ಯವಾಗಿರಲಿಲ್ಲ, ತಮ್ಮ ಹುಡುಗರು ಜಾರಿಬಿದ್ದರು ಎಂಬ ದೂರನ್ನು ಮುಂದಿಟ್ಟರು. ಆ ಹಾಸು ಜಾರುತ್ತಿದ್ದುದು ಸುಳ್ಳಲ್ಲ. ಆದರೆ ಅದೇ ಹಾಸಿನ ಮೇಲೆ ಮಿಸ್ಸೌರಿಯ ಹುಡುಗರೂ ಆಡಿದ್ದರು, ಮೇಲಾಗಿ ಒಂದು ಕಾಲದಲ್ಲಿ ಮಿಸ್ಸೌರಿಯ ಪರವಾಗಿಯೇ ಆಡಿದ್ದ ಮೆಕಾರ್ಟ್ನಿ ತಮ್ಮ ಹಳೆಯ ಕಾಲೇಜಿನ ಹುಡುಗರಿಗೆ ಸೋಲಿನ ಸಂಜೆ ಈ ಮಾತು ಕೇಳಿಸಿದರು. ಉಂಡ ಮನೆಯ ಜಂತೆ ಎಣಿಸಿದರು ಎಂದು ಅಲ್ಲಿಯ ಜನಕ್ಕೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷ ಅವರು ಪ್ರಾಮಿಸ್ ಕೀಪರ್ಸ್ ಎಂಬ ಕ್ರೈಸ್ತ ಪುರುಷರ ಸಂಸ್ಥೆಯನ್ನು ಕಟ್ಟಲು ತೊಡಗಿದ್ದರು. ಆಡಿದ ಮಾತು ಉಳಿಸಿಕೊಳ್ಳಿ ಎಂದು ಬೋಧಿಸುವವರಿಗೆ ಜನ ಬೇರೆಯವರಿಗಿಂತ ದೊಡ್ಡ ತಕ್ಕಡಿ ಹಿಡಿಯುತ್ತಾರೆ. ಅದು ಕಠಿಣವಾದೀತು, ಆದರೆ ಅನ್ಯಾಯವಲ್ಲ.

ಆ ಗೆಲುವಿನ ಬೆಲೆಯನ್ನೂ ನೋಡಬೇಕು. ಆಗ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದದ್ದು ಮತದಾನ. ವರ್ಷಾಂತ್ಯಕ್ಕೆ ಪತ್ರಕರ್ತರ ಮತದಲ್ಲಿ ಕೊಲೊರಾಡೊ, ಕೋಚ್‌ಗಳ ಮತದಲ್ಲಿ ಒಂದೇ ಅಂಕದ ಅಂತರದಿಂದ ಜಾರ್ಜಿಯಾ ಟೆಕ್ ಮೊದಲ ಸ್ಥಾನ ಪಡೆದವು. ಮಿಸ್ಸೌರಿ ಪಂದ್ಯ ಸೋತಿದ್ದರೆ ಕೊಲೊರಾಡೊ ಆ ಸಾಲಿನಲ್ಲೇ ಇರುತ್ತಿರಲಿಲ್ಲ. ಟ್ರೋಫಿ ನೋಡಿದಾಗಲೆಲ್ಲ ಮಿಸ್ಸೌರಿಯವರಿಗೆ ಕೋಲಿನ ಅಂಕಿಯೇ ಕಾಣುವುದು ಇದರಿಂದಾಗಿ.

ವಿಶ್ವನಾಥ್ ಅವರ ಹೋಲಿಕೆಯಲ್ಲಿ ನಿಮ್ಮ ಆಕ್ಷೇಪ ಸರಿ. 1980ರ ಫೆಬ್ರವರಿಯ ಮುಂಬೈ ಜ್ಯೂಬಿಲಿ ಟೆಸ್ಟ್‌ನಲ್ಲಿ ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡು ತತ್ತರಿಸಿದ್ದಾಗ, ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ವಾಪಸು ಕರೆದರು. ಟೇಲರ್ ಮತ್ತು ಬಾಥಮ್ ಆರನೇ ವಿಕೆಟ್‌ಗೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆದರೆ ವಿಶ್ವನಾಥ್ ಸ್ಲಿಪ್‌ನಲ್ಲಿ ನಿಂತು ಕಣ್ಣಾರೆ ಕಂಡಿದ್ದರು, ಆಟ ನಡೆಯುತ್ತಿತ್ತು, ತಿದ್ದುವ ಅಧಿಕಾರವೂ ಅವರ ಕೈಯಲ್ಲಿತ್ತು. ಮೆಕಾರ್ಟ್ನಿ ಅವರನ್ನು ಕೇಳಿದ್ದು ಆಟ ಮುಗಿದ ಮೇಲೆ. ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಈ ಎರಡನ್ನೂ ಒಂದೇ ಸಾಲಿಗೆ ತಂದದ್ದು ನಮ್ಮ ಅವಸರ. ನಮ್ಮೂರಿನವರ ಹೆಸರು ಬಂದೊಡನೆ ಸಂಪಾದಕೀಯ ಮೇಜಿನ ಮೇಲೂ ವಿವೇಚನೆ ಸ್ವಲ್ಪ ಸಡಿಲವಾಗುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ನೀವು ಹೇಳದೆ ಬಿಟ್ಟ ಒಂದು ಸಂಗತಿ ನಿಮ್ಮ ಪಕ್ಷಕ್ಕೇ ಸಲ್ಲುವಂಥದ್ದು. 1998ರಲ್ಲಿ, ಕೋಚ್ ಹುದ್ದೆ ಬಿಟ್ಟು ಮೂರೂವರೆ ವರ್ಷ ಕಳೆದ ಮೇಲೆ, ಮೆಕಾರ್ಟ್ನಿ ಆ ಪಂದ್ಯದ ಬಗ್ಗೆ ತಮ್ಮ ಪಶ್ಚಾತ್ತಾಪವನ್ನು ಬಹಿರಂಗವಾಗಿ ಹೇಳಿಕೊಂಡರು. ತಡವಾಯಿತು ಎನ್ನುವವರಿದ್ದಾರೆ. ಟ್ರೋಫಿ ಗೂಡಿನಲ್ಲಿ ಭದ್ರವಾಗಿದ್ದು, ಯಾರೂ ಒತ್ತಾಯಿಸದಿದ್ದ ಹೊತ್ತಿನಲ್ಲಿ ಹೇಳಿದ ಮಾತು ಅದು ಎಂಬುದನ್ನು ಅವರು ಗಮನಿಸಲಿ. ನಮ್ಮ ಟಿಪ್ಪಣಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ, ಇರಬೇಕಿತ್ತು.

‘ಕದ್ದ ಗೆಲುವು’ ಎಂಬ ಪದವನ್ನು ಈ ಸಂಚಿಕೆಯಿಂದಲೇ ಹಿಂದಕ್ಕೆ ಪಡೆಯುತ್ತಿದ್ದೇವೆ. ಮೈದಾನವನ್ನು ದೂರಿದ್ದರ ಬಗ್ಗೆ ಬರೆದ ಸಾಲು ಹಾಗೆಯೇ ಇರುತ್ತದೆ.

— ಸಂಪಾದಕ