ತಂಗಿಯನ್ನು ಕಳಿಸಿಕೊಡುವ ಹೊತ್ತನ್ನು ಮರೆಯಲಾಗದ ಹಾಗೆ ಮಾಡುವುದು ಹೇಗೆ?

ತೀರ್ಥಹಳ್ಳಿಯ ಕಲ್ಯಾಣ ಮಂಟಪ, ಮೇ ತಿಂಗಳ ಭಾನುವಾರ, ಹೆಣ್ಣು ಘಾಟಿ ಇಳಿದು ಹೆಬ್ರಿಗೆ ಹೋಗಬೇಕು, ಕೈಯಲ್ಲಿ ಐವತ್ತು ಸಾವಿರ ಇದೆ. ಕಿಡಿ ಚಿಮ್ಮಿಸುವ ಕೋಲ್ಡ್ ಪೈರೋ ಮಿಷನ್ ಇಡಲಾ, ಚೆಂಡೆ ತರಿಸಲಾ, ಒಳಗೆ ಬೆಂಕಿ ಹಚ್ಚಿ ಆಕಾಶಕ್ಕೆ ಬಿಡುವ ಕಾಗದದ ಬುಟ್ಟಿ, ಸ್ಕೈ ಲ್ಯಾಂಟರ್ನ್, ಹಾರಿಸಲಾ ಅಂತ ಕೇಳಿದ್ದೀರಿ. ಇವೇ ಮೂರನ್ನು ನಾನೂ ಒಂದು ಕಾಲದಲ್ಲಿ ಊರೆಲ್ಲ ಕೇಳಿಕೊಂಡು ಓಡಾಡಿದ್ದೆ. ಅದಕ್ಕೇ ಉತ್ತರ ಬರೆಯಲು ಕೂತೆ.

ನನ್ನ ತಂಗಿಯ ಮದುವೆ ಸಾಗರದಲ್ಲಿ ಆಯಿತು. ಗಂಡಿನ ಮನೆ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ ದಡ. ಈಗಿರುವ ಸೇತುವೆ ಓಡಾಟಕ್ಕೆ ತೆರೆದಿದ್ದು 2025ರ ಜುಲೈ 14ಕ್ಕೆ. ನಾನು ಹೇಳುತ್ತಿರೋದು ಅದಕ್ಕೂ ಹಿಂದಿನ ಮಾತು. ಆಗ ಹೊಳೆಬಾಗಿಲಿಗೆ ಹೋಗಿ ಲಾಂಚ್ ಹತ್ತಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಕಡೆಯ ಊರಿನವರು ತಮ್ಮದೇ ತಾಲ್ಲೂಕು ಪೇಟೆಗೆ ಬರಲು ನೀರು ದಾಟಬೇಕಾಯಿತು. ಜನ, ಬೈಕು, ಕಾರು, ಬಸ್ಸು ಎಲ್ಲ ಒಂದೇ ಲಾಂಚಿನ ಮೇಲೆ. ಕತ್ತಲಾದ ಮೇಲೆ ಲಾಂಚಿಲ್ಲ. ಇದು ಸಾಗರದಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಗೊತ್ತಿದ್ದೂ ಹೇಗೆ ಎಡವಟ್ಟಾಯಿತು ಅನ್ನೋದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ಮನೆಯವರು ಮೊದಲು ಗೊತ್ತು ಮಾಡಿದ್ದು ಮಧ್ಯಾಹ್ನ ಮೂರಕ್ಕೆ ಹೆಣ್ಣು ಕಳಿಸೋದು ಅಂತ. ಧಾರೆ ಬೆಳಿಗ್ಗೆ, ಊಟ ಒಂದಕ್ಕೆ, ಮಡಿಲು ತುಂಬಿ, ಹೆಣ್ಣು ಒಪ್ಪಿಸಿ, ಮೂರಕ್ಕೆ ಹೊರಟರೆ ಬಿಸಿಲಿರುವಾಗಲೇ ಹೊಳೆ ದಾಟಬಹುದು. ದೊಡ್ಡಪ್ಪ ಹೇಳಿದ ಲೆಕ್ಕ ಅದು. ಅದನ್ನು ಐದಕ್ಕೆ ತಳ್ಳಿದ್ದು ನಾನು. ಯಾಕೆ? ಬೆಳಕಿಗೆ! ಮೂರು ಗಂಟೆ ಬಿಸಿಲಲ್ಲಿ ಪೈರೋ ಕಿಡಿ ಕಾಣೋದೇ ಇಲ್ಲ, ಮುಖದ ಮೇಲೆ ನೆರಳು ಬೀಳುತ್ತೆ, ಐದೂವರೆ ಹೊತ್ತಿಗೆ ಬೆಳಕು ಹಳದಿಯಾಗುತ್ತೆ ಅಂತ ಫೋಟೋದವರು ಹೇಳಿದರು. ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಸಂಜೆ ಬೆಳಕಲ್ಲಿ ಎಲ್ಲ ಚಂದವೇ ಕಾಣೋದು.

ನಾನು ಲಾಂಚಿನವರ ಹತ್ತಿರ ಕಡೇ ಲಾಂಚ್ ಎಷ್ಟಕ್ಕೆ ಅಂತ ಕೇಳಿಕೊಂಡಿದ್ದೆ. ಅದರಿಂದ ಸಾಗರ–ಹೊಳೆಬಾಗಿಲು ದಾರಿಯ ಹೊತ್ತು ಕಳೆದೆ. ಇನ್ನೂ ಒಂದಷ್ಟು ಸಮಯ ಉಳಿಯಿತು. ಸಾಕು ಅಂದುಕೊಂಡೆ. ಆದರೆ ನಾನು ಲೆಕ್ಕ ಹಾಕಿದ್ದು ಒಂದು ಕಾರಿಗೆ. ಮದುವೆ ದಿಬ್ಬಣ ಒಂದು ಕಾರಲ್ಲ. ಗಂಡಿನ ಕಡೆಯವರ ಬಸ್ಸಿದೆ. ನಮ್ಮ ಕಡೆಯಿಂದ ಹೆಣ್ಣಿನ ಜೊತೆ ಹೋಗುವವರ ಟೆಂಪೋ ಇದೆ. ಬೀರು, ಮಂಚ, ಪಾತ್ರೆ ಹೇರಿದ ಗೂಡ್ಸ್ ಗಾಡಿ ಇದೆ. ಬಸ್ಸು ಹೊರಡಬೇಕಾದರೆ ಒಬ್ಬ ಅಜ್ಜಿಯ ಚಪ್ಪಲಿ ಸಿಗಬೇಕು, ಒಂದು ಮಗು ಎದ್ದೇಳಬೇಕು, ತಾಂಬೂಲದ ಚೀಲ ಎಣಿಸಿ ಆಗಬೇಕು. ಅದೆಲ್ಲ ಆದಮೇಲೆ ದಡದಲ್ಲಿ ಸಾಲು. ಅವತ್ತು ಭಾನುವಾರ. ಸಿಗಂದೂರು ಚೌಡೇಶ್ವರಿಗೆ ಹೋಗಿಬರುವ ಭಕ್ತರ ಗಾಡಿಗಳು ಎರಡೂ ದಡದಲ್ಲಿ ನಿಂತಿದ್ದವು. ಮೇಲಾಗಿ ಬೇಸಿಗೆ. ನೀರು ಇಳಿದರೆ ಲಾಂಚಿಗೆ ಗಾಡಿ ಹತ್ತಿಸೋದು ಕಷ್ಟ, ಕಡಿಮೆ ಹತ್ತಿಸುತ್ತಾರೆ. ಕಡೇ ಲಾಂಚ್ ಇಷ್ಟಕ್ಕೆ ಅಂದರೆ ಅಷ್ಟು ಹೊತ್ತಿಗೆ ನೀವು ಸಾಲಿನ ಮುಂದಿರಬೇಕು ಅಂತ ಅರ್ಥ. ಮಂಟಪದ ಗೇಟಿನಲ್ಲಿ ನಿಂತು ಲೆಕ್ಕ ಹಾಕುವವನಿಗೆ ಇದು ಹೊಳೆಯಲ್ಲ.

ಐದಕ್ಕೆ ಶುರುವಾದ ಕಾರ್ಯಕ್ರಮವಾದರೂ ಐದಕ್ಕೆ ಮುಗಿಯಿತಾ? ಪೈರೋದವರು ಫೋಟೋದವರಿಗೆ ಕಾದರು. ಫೋಟೋದವರು ಬೆಳಕಿಗೆ ಕಾದರು. ಚೆಂಡೆಯವರು ನಾನು ಕೈ ಸನ್ನೆ ಮಾಡಲಿ ಅಂತ ಕಾದರು. ಹೂವಿನ ಎಸಳು ಹಾರಿಸುವ ಮಿಷನ್ ಒಂದು ಸಲ ಕೆಮ್ಮಿ ನಿಂತುಹೋಯಿತು. ಅದನ್ನು ಬಿಚ್ಚಿ ಸರಿ ಮಾಡುವವರೆಗೂ ಹೆಣ್ಣು ಗಂಡು ಮೆಟ್ಟಿಲ ಮೇಲೆ ನಿಂತೇ ಇದ್ದರು.

ಅದಕ್ಕೆ ಮುಂಚೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಹಿತ್ತಾಳೆ ಬಟ್ಟಲಲ್ಲಿ ಹಾಲು. ಅಮ್ಮ ತಂಗಿಯ ಕೈ ಹಿಡಿದು ಹಾಲಲ್ಲಿ ಅದ್ದಿ, ಅತ್ತೆ ಮಾವನ ಅಂಗೈ ಮೇಲೆ ಇಟ್ಟಳು. ಹಾಲು ತಂಗಿಯ ಬಳೆ ಸಂದಿಯಲ್ಲಿ ಇಳಿದು ಮೊಣಕೈವರೆಗೂ ಹರಿಯಿತು. ಅಮ್ಮನಿಗೆ ಮಾತು ಹೊರಡಲಿಲ್ಲ. ಅತ್ತೆ ತಮ್ಮ ಸೆರಗಿನಲ್ಲಿ ಆ ಕೈ ಒರೆಸಿದರು. ಅಷ್ಟರಲ್ಲಿ ಹಿಂದಿನಿಂದ ದನಿ: "ಅಮ್ಮಾ, ಇನ್ನೊಂದ್ಸಲ, ಕೈ ಸ್ವಲ್ಪ ಮೇಲೆ, ಈ ಕಡೆ ನೋಡಿ." ಅಮ್ಮ ಕಣ್ಣೊರೆಸಿಕೊಂಡು ತಿರುಗಿದಳು. "ಎರಡು ಸಲ ಕೊಡಕ್ಕೆ ನಂಗೇನು ಎರಡು ಹೆಣ್ಣುಮಕ್ಕಳಿದಾವಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಎರಡನೇ ಸಲ ಮಾಡಿಸಿಯೇ ಬಿಟ್ಟೆವು.

ತಂಗಿಯ ಮಾವ ಅಷ್ಟು ಹೊತ್ತಿಗಾಗಲೇ ನನ್ನ ಹತ್ತಿರ ಬಂದು, "ತಮ್ಮಾ, ಹೊಳೆ ದಾಟೋದಿದೆ" ಅಂದಿದ್ದರು. ಬೀಗರು, ಗಟ್ಟಿಯಾಗಿ ಹೇಳುವ ಹಾಗಿಲ್ಲ. "ಇನ್ನೈದು ನಿಮಿಷ ಮಾವ" ಅಂದೆ. ವಿಡಿಯೋದಲ್ಲಿ ಪೈರೋ ತುಂಬಾ ಚೆನ್ನಾಗಿ ಬಂದಿದೆ. ಅದರ ಹಿಂದೆ ಮಾವ ಗಡಿಯಾರ ನೋಡಿಕೊಳ್ಳೋದೂ ಬಂದಿದೆ.

ಹೊಳೆಬಾಗಿಲು ಮುಟ್ಟುವ ಹೊತ್ತಿಗೆ ಕಡೇ ಲಾಂಚ್ ಆ ದಡಕ್ಕೆ ಹೋಗಿ ನಿಂತಾಗಿತ್ತು. ಆಮೇಲಿನದು ಉದ್ದ ಕಥೆ, ಚಿಕ್ಕದು ಮಾಡುತ್ತೇನೆ. ಗಾಡಿಗಳನ್ನು ತಿರುಗಿಸಿ, ಹೊಸನಗರ, ನಗರ, ನಿಟ್ಟೂರು ಮೇಲೆ ಸುತ್ತಿಕೊಂಡು ಹೋದೆವು. ಕಾಡು ದಾರಿ, ತಿರುವು ಮೇಲೆ ತಿರುವು, ಫೋನಿಗೆ ಸಿಗ್ನಲ್ ಇಲ್ಲ. ಭಾರಿ ರೇಷ್ಮೆ ಸೀರೆಯಲ್ಲಿ ತಂಗಿ ಕಿಟಕಿಗೆ ತಲೆ ಕೊಟ್ಟು ವಾಂತಿ ಮಾಡಿಕೊಂಡಳು. ಮಧ್ಯಾಹ್ನ ಎಲ್ಲರೂ ಬಂದು ಮಾತಾಡಿಸಿ ಅವಳು ಸರಿಯಾಗಿ ಊಟವನ್ನೂ ಮಾಡಿರಲಿಲ್ಲ.

ಅಲ್ಲಿ ಗಂಡಿನ ಮನೆಯಲ್ಲಿ ಏನು ಕಾದಿತ್ತು ಅಂತ ಹೇಳಬೇಕು. ಅವರ ಮನೆಯಲ್ಲಿ ಹಸೆಗೋಡೆ ಬರೆದಿದ್ದರು. ಪೇಟೆಯಿಂದ ತಂದ ಸ್ಟಿಕ್ಕರ್ ಅಲ್ಲ, ನಿಜವಾದ ಹಸೆ ಚಿತ್ತಾರ. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಎಳೆದದ್ದು. ಭಾವನ ಅಕ್ಕಂದಿರು ಕೂತು ಬರೆದದ್ದಂತೆ. ಆ ಗೋಡೆ ಮುಂದೆ ಮದುಮಕ್ಕಳನ್ನು ಕೂರಿಸಿ ಹಾಡು ಹೇಳಬೇಕು ಅಂತ ಊರಿನ ಹೆಂಗಸರು ಸಂಜೆಯಿಂದ ಬಂದು ಕೂತಿದ್ದರು. ಹಾಡು ಎತ್ತಿಕೊಡುವ ಅಜ್ಜಿಯನ್ನು ಬೇರೆ ಊರಿಂದ ಕರೆಸಿದ್ದರು. ಕಾದರು, ಕಾದರು, ಊಟ ಮಾಡಿದರು, ಒಬ್ಬೊಬ್ಬರೇ ಎದ್ದು ಹೋದರು.

ನಾವು ಮುಟ್ಟಿದಾಗ ನಡುರಾತ್ರಿ ದಾಟಿತ್ತು. ಸರಿರಾತ್ರಿಯಲ್ಲಿ ಮನೆ ತುಂಬಿಸೋದು ಬೇಡ ಅಂತ ಹಿರಿಯರು ಅಂದರು. ಮದುಮಗಳು ಅವತ್ತು ಪಕ್ಕದ ಮನೆಯ ಜಗಲಿ ಕೋಣೆಯಲ್ಲಿ ಮಲಗಿದಳು. ಬೆಳಿಗ್ಗೆ ಸೇರಕ್ಕಿ ಒದ್ದು ಒಳಗೆ ಬಂದಳು, ಹಸೆಗೆ ಕೂತಳು, ಎಲ್ಲ ಆಯಿತು. ಅಜ್ಜಿಯನ್ನು ಅವರ ಮಗ ಬೆಳಗ್ಗೆ ಮುಂಚೆಯೇ ಕರಕೊಂಡು ಹೋಗಿಬಿಟ್ಟಿದ್ದ. ಉಳಿದವರಿಗೆ ಹಾಡು ಅರ್ಧ ಬರುತ್ತಿತ್ತು, ಅರ್ಧ ಬರುತ್ತಿರಲಿಲ್ಲ. ಯಾರೋ ಮೊಬೈಲಲ್ಲಿ ಹಾಡು ಹಾಕಿದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಹೆಣ್ಣು ಕಳಿಸೋದನ್ನು ಒಂದು ಶೋ ಅಂತ ಹಿಡಿದುಕೊಂಡಿರೋದೇ ನನಗೆ ಸರಿ ಕಾಣಲ್ಲ. ಆ ಹೊತ್ತಲ್ಲಿ ನೋಡೋಕೆ ಅಂತ ಉಳಿದಿರುವವರಾದರೂ ಯಾರು? ಊಟ ಮುಗಿಸಿದ ನೆಂಟರೆಲ್ಲ ಆಗಲೇ ಬಸ್‌ಸ್ಟ್ಯಾಂಡಲ್ಲಿರುತ್ತಾರೆ. ಉಳಿಯೋದು ಮನೆಯವರು. ಅವರಿಗೆ ಅಳೋಕೆ ಜಾಗ ಬೇಕು, ಹೊಗೆ ಮಿಷನ್ ಬೇಡ. ಅತ್ತರೆ ಮುಖ ಕೆಡುತ್ತೆ ಅಂತ ಫೋಟೋಕ್ಕಾಗಿ ಅಳು ತಡೆದುಕೊಂಡ ಮದುಮಗಳನ್ನು ನಾನು ನೋಡಿದ್ದೇನೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಕೋಲ್ಡ್ ಪೈರೋ ಅಂದರೆ ತಣ್ಣಗಿರುತ್ತೆ ಅಂದುಕೊಳ್ಳಬೇಡಿ. ಅದು ಲೋಹದ ಪುಡಿ ಉರಿಯೋದು. ಪಟಾಕಿಯಷ್ಟು ಸುಡದೇ ಇರಬಹುದು, ಆದರೆ ಒಣಗಿದ ಅಡಿಕೆ ಸೋಗೆ ಚಪ್ಪರದ ಕೆಳಗೆ ಅದನ್ನು ಇಡುವ ಧೈರ್ಯ ನನಗಿಲ್ಲ. ಸ್ಕೈ ಲ್ಯಾಂಟರ್ನ್ ಅಂತೂ ಮಾತೇ ಎತ್ತಬೇಡಿ. ಮೇ ತಿಂಗಳ ಕಾಡು, ತೋಟ, ಹುಲ್ಲಿನ ಬಣವೆ. ಬೆಂಕಿ ಹಾರಿಸಿ ಅದು ಎಲ್ಲಿ ಇಳಿಯುತ್ತೋ ಅಂತ ನೋಡುತ್ತಾ ನಿಲ್ಲುತ್ತೀರಾ? ಚೆಂಡೆ ಬೇಕೇ ಬೇಕು ಅಂದರೆ ಬೆಳಿಗ್ಗೆ ದಿಬ್ಬಣ ಬರುವಾಗ ಬಾರಿಸಲಿ. ಕಳಿಸುವಾಗ ಬೇಡ. ಆಗ ಚಿಕ್ಕಮ್ಮ ಕಿವಿಯಲ್ಲಿ ಹೇಳುವ ಮಾತು ತಂಗಿಗೆ ಕೇಳಿಸಬೇಕು.

ಇನ್ನು ದಾರಿ. ನಿಮಗೆ ಹೊಳೆ ಇಲ್ಲ, ಘಾಟಿ ಇದೆ. ಆಗುಂಬೆಯದು 14 ಹೇರ್‌ಪಿನ್ ತಿರುವು. ಭಾನುವಾರ ಸಂಜೆ ಸೂರ್ಯಾಸ್ತ ನೋಡುವವರ ಕಾರುಗಳು ಮೇಲಿನ ತಿರುವಿನಲ್ಲೇ ರಸ್ತೆ ಬದಿ ನಿಂತಿರುತ್ತವೆ. ಅದೇ ಹೊತ್ತಿಗೆ ನಿಮ್ಮ ದಿಬ್ಬಣವೂ ಅಲ್ಲಿಗೆ ಹೋದರೆ ಹೆಣ್ಣೂ ಅವರ ಜೊತೆ ಸೂರ್ಯಾಸ್ತ ನೋಡಬೇಕಾಗುತ್ತೆ. ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬಂದರೂ ಬಂತೇ. ಮರ ಬಿದ್ದರೆ ಮುಗಿಯಿತು. ಉದ್ದದ ಬಸ್ಸು ಬುಕ್ ಮಾಡಿದ್ದರೆ ಘಾಟಿ ಇಳಿಯುತ್ತಾ ಅಂತ ಈಗಲೇ ಕೇಳಿ. ಮಿನಿ ಬಸ್ಸೇ ವಾಸಿ.

ಹಾಗಾಗಿ ಲೆಕ್ಕವನ್ನು ಹೆಬ್ರಿಯ ಮನೆಬಾಗಿಲಿಂದ ಹಿಂದಕ್ಕೆ ಹಾಕಿ. ಅಲ್ಲಿ ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಒಳಗಿರಬೇಕು. ಬೀಗರಿಗೆ ಫೋನ್ ಮಾಡಿ, ಮನೆ ತುಂಬಿಸುವ ಶಾಸ್ತ್ರ ಎಷ್ಟಕ್ಕೆ, ಯಾರ್ಯಾರು ಕಾಯುತ್ತಾರೆ ಅಂತ ಕೇಳಿ. ಇದನ್ನು ನಾನು ಕೇಳಿರಲೇ ಇಲ್ಲ. ಹೆಣ್ಣಿನ ಕಡೆಯವರು ಯಾರೂ ಕೇಳಲ್ಲ, ನಮ್ಮ ಗೇಟ್ ದಾಟಿದರೆ ಮದುವೆ ಮುಗಿಯಿತು ಅಂದುಕೊಂಡಿರುತ್ತೇವೆ. ಅವರು ಹೇಳಿದ ಹೊತ್ತಿನಿಂದ ದಾರಿ ಕಳೆಯಿರಿ, ಬಸ್ಸಿಗೆ ಜನ ಹತ್ತಿಸುವ ಹೊತ್ತು ಕಳೆಯಿರಿ, ಮಳೆಗೆ ಅಂತ ಒಂದು ಗಂಟೆ ಬಿಡಿ. ಉಳಿದದ್ದು ನಿಮ್ಮದು. ಎರಡೂವರೆಗೆ ಹೊರಡಬೇಕು ಅಂತ ಬಂದರೆ ಎರಡೂವರೆ. ಬೆಳಕು ಹೇಗಾದರೂ ಇರಲಿ.

ಆ ಎರಡೂವರೆಗೆ ಮುಂಚೆ ಅರ್ಧ ಗಂಟೆ ಮಂಟಪದ ಒಂದು ರೂಮಿಗೆ ತಂಗಿಯನ್ನು ಕರಕೊಂಡು ಹೋಗಿ ಬಾಗಿಲು ಹಾಕಿ. ಅಮ್ಮ, ಅಜ್ಜಿ, ಹತ್ತಿರದ ಗೆಳತಿಯರು ಸಾಕು. ಕ್ಯಾಮೆರಾ ಹೊರಗೆ. ಭಾರಿ ಸೀರೆ ಬಿಚ್ಚಿ ಹಗುರದ ಸೀರೆ ಉಡಿಸಿ. ಎರಡು ತುತ್ತು ಮೊಸರನ್ನ ತಿನ್ನಿಸಿ, ತುಪ್ಪದ ಹೋಳಿಗೆ ಬೇಡ, ಘಾಟಿ ಇದೆ. ಒಂದು ನಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಕವರ್ ಅವಳ ಪಕ್ಕ ಕೂರುವವರ ಕೈಯಲ್ಲಿರಲಿ. ಆಮೇಲೆ ಹೊರಗೆ ಬಂದು ಒಪ್ಪಿಸುವ ಶಾಸ್ತ್ರ ಒಂದೇ ಸಲ. ಫೋಟೋದವರಿಗೆ ಸಿಕ್ಕರೆ ಸಿಕ್ಕಿತು. ನಿಮ್ಮ ಕಡೆ ಹಾಡು ಬರುವ ಹಿರಿಯ ಹೆಂಗಸರಿದ್ದರೆ ಅವರನ್ನು ಮೊದಲೇ ಕೇಳಿಕೊಂಡು ಮುಂದೆ ಕೂರಿಸಿ. ಮೈಕ್ ಬೇಡ.

ಐವತ್ತು ಸಾವಿರದಲ್ಲಿ ಒಂದು ಮಿನಿ ಬಸ್ ಜಾಸ್ತಿ ಮಾಡಿ. ಹೆಣ್ಣಿನ ಜೊತೆ ಹೋಗಬೇಕು ಅಂತ ಆಸೆಯಿದ್ದೂ ಸೀಟಿಲ್ಲ ಅಂತ ಉಳಿದುಕೊಳ್ಳುವ ಅತ್ತೆ, ಚಿಕ್ಕಮ್ಮ ಪ್ರತಿ ಮನೆಯಲ್ಲೂ ಇರುತ್ತಾರೆ, ಅವರೆಲ್ಲ ಹೋಗಲಿ. ಹೊಸ ಮನೆಯ ಮೊದಲ ರಾತ್ರಿ ಅವಳ ಕಡೆಯ ಮುಖಗಳು ಅಷ್ಟು ಜಾಸ್ತಿ ಇರುತ್ತವೆ. ಬೀರು ಮಂಚದ ಗಾಡಿಯನ್ನು ಹಿಂದಿನ ದಿನವೇ ಕಳಿಸಿಬಿಡಿ. ಡ್ರೈವರ್‌ಗಳಿಗೆ ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿ, ಒಬ್ಬ ಹುಡುಗನನ್ನು ಅದಕ್ಕೇ ಅಂತ ಬಿಡಿ. ಇಲ್ಲದಿದ್ದರೆ ಹೊರಡುವ ಹೊತ್ತಿಗೆ ಸರಿಯಾಗಿ ಅವರು ಎಲೆ ಮುಂದೆ ಕೂತಿರುತ್ತಾರೆ, ಪಾಯಸ ಬರುವವರೆಗೂ ಎಬ್ಬಿಸುವ ಹಾಗಿರಲ್ಲ.