ದುಬೈಗೆ ಕ್ಯಾಮರಾ ತರಬೇಕೋ ಬೇಡವೋ ಎಂದು ಕೇಳಿದ ಕುಂದಾಪುರದವರಿಗೆ

ಕೆಲಸ ಸಿಕ್ಕಿ ದುಬೈಗೆ ಹೊರಟಿದ್ದೀರಿ. ಕ್ಯಾಮರಾ ಮತ್ತು ಎರಡು ಲೆನ್ಸ್ ಕಟ್ಟಿಕೊಂಡು ಬರಲೋ, ಮನೆಯ ಕಪಾಟಿನಲ್ಲೇ ಇಡಲೋ, ಇಲ್ಲಿ ಫೋಟೊ ತೆಗೆಯಲು ಏನಿದೆ ಎಂಬುದು ನಿಮ್ಮ ಪ್ರಶ್ನೆ.

ತನ್ನಿ ಮಾರಾಯ್ರೆ. ಮಳೆಗಾಲದ ಕರಾವಳಿಯಲ್ಲಿ ಮುಚ್ಚಿದ ಕಪಾಟಿನಷ್ಟು ಕೆಟ್ಟ ಜಾಗ ಲೆನ್ಸಿಗೆ ಬೇರೆ ಇಲ್ಲ. ಗಾಳಿಯ ತೇವ ಶೇ. 65 ದಾಟಿ, ವಾರಗಟ್ಟಲೆ ಕತ್ತಲಲ್ಲಿ ಬಿದ್ದಿದ್ದರೆ ಗಾಜಿನ ಒಳಮೈಗೆ ಜೇಡರ ಬಲೆಯಂತೆ ಫಂಗಸ್ ಹಬ್ಬುತ್ತದೆ. ಅದು ಗಾಜಿನ ಮೇಲಿನ ತೆಳು ಲೇಪ (ಕೋಟಿಂಗ್) ತಿಂದ ಮೇಲೆ ಲೆನ್ಸ್ ಬಿಚ್ಚಿ ಒರೆಸಿದರೂ ಕಲೆ ಉಳಿಯುತ್ತದೆ. ಚರ್ಮದ ಕೇಸ್ ತೇವ ಹಿಡಿದಿಟ್ಟುಕೊಳ್ಳುವುದರಿಂದ ಅದರೊಳಗೆ ಇನ್ನೂ ಬೇಗ ಹಾಳು.

ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕ್ಯಾಮರಾ, ಲೆನ್ಸ್‌ಗಳ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಮರಳಿ ಬರುವಾಗ ಹೊಸ ಸಾಮಾನೆಂದು ಸುಂಕ ಕೇಳುವ ತಕರಾರು ಇರುವುದಿಲ್ಲ. ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, ತುದಿಗಳಿಗೆ ಟೇಪ್ ಅಂಟಿಸಿ.

ದುಬೈ ಎಂದರೆ ಒಣ ಮರುಭೂಮಿ ಎಂದುಕೊಂಡು ಬರಬೇಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕಡಲತೀರದ ಸೆಕೆ ನಮ್ಮ ಊರಿನ ಸೆಕೆಗಿಂತ ಜೋರು. ಎಸಿಯಲ್ಲಿ 22 ಡಿಗ್ರಿಗೆ ತಣ್ಣಗಾದ ಕ್ಯಾಮರಾವನ್ನು ಸಂಜೆ ಹೊರಗೆ ತೆಗೆದ ತಕ್ಷಣ ಗಾಜೆಲ್ಲ ಮಂಜು. ಹೊಸಬರ ಕ್ಯಾಮರಾ ಕೆಡುವುದು ಹೆಚ್ಚಾಗಿ ಇಲ್ಲೇ: ಮಂಜು ಕಂಡು ಒರೆಸುತ್ತಾರೆ, ಲೆನ್ಸ್ ಬಿಚ್ಚಿ ನೋಡುತ್ತಾರೆ, ಆ ತೇವ ಒಳಗೆ ಚಿತ್ರ ಹಿಡಿಯುವ ಸೆನ್ಸರ್‌ವರೆಗೆ ಹೋಗುತ್ತದೆ. ಹಾಗೆ ಮಾಡಬೇಡಿ. ರೂಮಿನೊಳಗೇ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಹಿಂಡಿ ಮುಚ್ಚಿ, ಹೊರಗೆ ಬಂದ ಮೇಲೆ 30ರಿಂದ 45 ನಿಮಿಷ ಹಾಗೇ ಬಿಡಿ. ಮಂಜು ಕವರಿನ ಹೊರಮೈಗೆ ಕೂರುತ್ತದೆ, ಕ್ಯಾಮರಾ ಒಣಗಿಯೇ ಇರುತ್ತದೆ.

ರೂಮಿನಲ್ಲಿ ರಬ್ಬರ್ ಅಂಚಿರುವ ಗಾಳಿಯಾಡದ ಡಬ್ಬ, ಅದರೊಳಗೆ ತೇವ ಅಳೆಯುವ ಸಣ್ಣ ಹೈಗ್ರೋಮೀಟರ್, ತೇವ ಹೀರುವ ಕಾಲು ಕಿಲೊ ಸಿಲಿಕಾ ಜೆಲ್ ಇದ್ದರೆ ಸಾಕು. ತೇವ ಶೇ. 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ರಬ್ಬರ್, ಗ್ರೀಸ್ ಒಣಗುತ್ತವೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಇಡಿ, ಬಣ್ಣ ಮರಳುತ್ತದೆ.

ಧೂಳುಗಾಳಿಯ ದಿನ ಹೊರಗೆ ಲೆನ್ಸ್ ಬದಲಿಸಲೇಬೇಡಿ. ಬೀಚಿನಿಂದ ಬಂದ ಮೇಲೆ ಮೊದಲು ಗಾಳಿ ಊದಿ ಧೂಳು ಹಾರಿಸುವ ಬ್ಲೋವರ್, ನಂತರ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ. ಬ್ಲೋವರ್ ಹಾಕದೆ ಒರೆಸಿದರೆ ಮರಳಿನ ಕಣ ಗೀರು ಬೀಳಿಸುತ್ತದೆ. ಟ್ರೈಪಾಡಿನ ಕಾಲು ಪೂರ್ತಿ ಎಳೆದು ತೊಳೆದು, ಮಡಚದೆ ಒಣಗಿಸಿ. ಉಪ್ಪು ಲಾಕಿನೊಳಗೆ ಕುಳಿತರೆ ಕಚ್ಚಿಕೊಳ್ಳುತ್ತದೆ.

ತೆಗೆಯಲು ಏನಿದೆ ಎಂದಿರಿ. ಹಳೆಯ ದುಬೈನ ದೇರಾದಲ್ಲಿ ಕಡಲು ಒಳಚಾಚಿದ ಕ್ರೀಕ್ ದಡಕ್ಕೆ ಹೋಗಿ. ಅಬ್ರಾ ದೋಣಿಗಳು, ನಮ್ಮ ಕರಾವಳಿಯ ಸರಕು ದೋಣಿಗಳಾದ ಮಂಜಿಗಳ ನೆಂಟರಂತಿರುವ ಮರದ ಧೋ ಹಡಗುಗಳು, ಸರಕು ಹೇರುವ ಕೆಲಸಗಾರರು. ಬಂದರು ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಬೇಸರವಿಲ್ಲ. ಆದರೆ ಜನರನ್ನು ಕೇಳಿಯೇ ತೆಗೆಯಿರಿ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಫೋಟೊ ತೆಗೆದರೂ ಹಂಚಿದರೂ 2021ರ ಸೈಬರ್ ಅಪರಾಧ ಕಾನೂನಿನಡಿ ಜೈಲು, ದಂಡ ಎರಡೂ ಆಗಬಹುದು. ಸೇನೆ ಮತ್ತು ಸರ್ಕಾರಿ ಕಟ್ಟಡಗಳತ್ತ, ವಿಮಾನ ನಿಲ್ದಾಣದತ್ತ ಕ್ಯಾಮರಾ ತಿರುಗಿಸಬೇಡಿ.

ಊರಿನ ಫೋಟೊಗಳ ಆಸೆ ಇಲ್ಲಿದ್ದಷ್ಟೂ ಬೆಳೆಯುತ್ತದೆ, ಹಾಗಾಗಿ ರಜೆಯನ್ನು ಲೆಕ್ಕ ಹಾಕಿ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಗಂಗೊಳ್ಳಿ ಬಂದರಿನಲ್ಲಿ ದಡ ಸೇರಿದ ಬೋಟು, ಬಲೆ ನೇಯುವ ಕೈಗಳು ಬೇಕಿದ್ದರೆ ಆಗ ಬನ್ನಿ. ಮರವಂತೆ ಬೀಚಿನ ತಿಳಿ ಸಂಜೆಗೆ, ಯಕ್ಷಗಾನಕ್ಕೆ ಡಿಸೆಂಬರ್, ಜನವರಿಯೇ ಸರಿ. ಯಕ್ಷಗಾನದ ಆಟಕ್ಕೆ 85 ಎಂಎಂ ಎಫ್/1.8 ಲೆನ್ಸ್, ಐಎಸ್‌ಒ 3200, ಶಟರ್ 1/250ರಿಂದ ಶುರುಮಾಡಿ. ವೇಷದ ಶಿರೋಭೂಷಣವಾದ ಕೇದಗೆ ಮುಂದಲೆಯ ಹೊಳಪು ಬೆಳ್ಳಗಾಗದಂತೆ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್‌ನಷ್ಟು ಇಳಿಸಿ. ಎಲೆಕ್ಟ್ರಾನಿಕ್ ಶಟರ್ ಬೇಡ, ರಂಗಸ್ಥಳದ ಎಲ್‌ಇಡಿ ದೀಪಗಳಡಿ ಫೋಟೊದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. ಮೆಕ್ಯಾನಿಕಲ್ ಶಟರಿನಲ್ಲೂ ಪಟ್ಟೆ ಕಂಡರೆ 1/100ಕ್ಕೆ ಇಳಿಸಿ, ಕುಣಿತ ತಿರುವಿನಲ್ಲಿ ನಿಲ್ಲುವ ಕ್ಷಣಕ್ಕೆ ಕಾದು ಒತ್ತಿ.